ಬಿದಿರಿನ ಕಂಬ, ಬಿದಿರಿನ ಮಾಡು: ಎಷ್ಟು ವರ್ಷ ಬಾಳುತ್ತದೆ? ನಿಜಕ್ಕೂ ಪರಿಸರಕ್ಕೆ ಒಳ್ಳೆಯದಾ?

ಸೂರಿನಡಿ:

ಎಲ್ಲರಿಗೂ ನಮಸ್ಕಾರ. ಈಗಿರುವ ಮನೆಯ ಮೇಲೊಂದು ದೊಡ್ಡ ಕೋಣೆ ಕಟ್ಟಬೇಕು. ಕಂಬ, ತೊಲೆ, ಮಾಡು ಎಲ್ಲ ಬಿದಿರಿನಲ್ಲೇ ಆಗಲಿ ಅನ್ನುವುದು ನಮ್ಮಿಬ್ಬರ ಆಸೆ. ಸಿಮೆಂಟು, ಕಬ್ಬಿಣ ಎಷ್ಟು ಕಡಿಮೆ ಬಳಸಿದರೆ ಅಷ್ಟು ಒಳ್ಳೆಯದು ಅಂತ ಈ ದಾರಿ ಹಿಡಿದೆವು.

ಆದರೆ ಓದುತ್ತಾ ಹೋದ ಹಾಗೆ ಗೊಂದಲವೇ ಜಾಸ್ತಿಯಾಗಿದೆ. ಒಂದು ಕಡೆ ಬಿದಿರು ಉಕ್ಕಿಗಿಂತ ಗಟ್ಟಿ, ನೂರು ವರ್ಷ ಬಾಳುತ್ತದೆ ಅಂತ ಬರೆದಿದ್ದಾರೆ. ಇನ್ನೊಂದು ಕಡೆ ಎರಡೇ ವರ್ಷಕ್ಕೆ ಕುಟ್ಟೆ ಹಿಡಿದು ಪುಡಿ ಉದುರುತ್ತದೆ ಅನ್ನುತ್ತಾರೆ. ಎರಡೂ ಹೇಗೆ ನಿಜವಾದೀತು? ಎರಡು ವರ್ಷಕ್ಕೊಮ್ಮೆ ಕಿತ್ತು ಬದಲಿಸುವುದಾದರೆ ಅದನ್ನು ಪರಿಸರಸ್ನೇಹಿ ಅಂತ ಕರೆಯುವುದರಲ್ಲಿ ಅರ್ಥವೇ ಇಲ್ಲ, ಅಲ್ವಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಗೆಣ್ಣು_ನೋಡಿ:

ಎರಡೂ ನಿಜವೇ. ಬಿದಿರು ಅದೇ, ಕೆಲಸ ಮಾಡಿದ ರೀತಿ ಬೇರೆ. ಯಾವ ಉಪಚಾರವೂ ಇಲ್ಲದ ಗಳವನ್ನು ನೆಲದಲ್ಲಿ ಹೂತರೆ 1ರಿಂದ 3 ವರ್ಷ. ಅದನ್ನೇ ನೆಲ ಬಿಟ್ಟು, ಮಳೆ ತಾಗದ ಹಾಗೆ ಮಾಡಿನ ಕೆಳಗೆ ಬಳಸಿದರೆ 4ರಿಂದ 7 ವರ್ಷ. ಬಲಿತ ಗಳ ಆರಿಸಿ, ಹುಳ ತಡೆಯುವ ಬೋರಾಕ್ಸ್ ಉಪ್ಪಿನ ದ್ರಾವಣ ಕುಡಿಸಿ, ಒಣಗಿಸಿ, ನೀರು ಬಿಸಿಲಿಗೆ ಸಿಗದಂತೆ ಕಟ್ಟಿದರೆ ಲೆಕ್ಕ ದಶಕಗಳಲ್ಲಿ.

ಬಿದಿರು ಮರವಲ್ಲ, ಹುಲ್ಲಿನ ಕುಟುಂಬದ ಗಿಡ. ತೇಗದಂಥ ಮರದ ಚೇಗಿನಲ್ಲಿ, ಅಂದರೆ ನಡುವಿನ ಬಲಿತ ಗಟ್ಟಿ ಭಾಗದಲ್ಲಿ, ಹುಳ, ಬೂಷ್ಟನ್ನು ತಡೆಯುವ ಅಂಶಗಳು ತಾವಾಗಿಯೇ ಇರುತ್ತವೆ. ಬಿದಿರಿಗೆ ಚೇಗು ಅನ್ನುವುದೇ ಇಲ್ಲ. ಅದರ ಗೋಡೆಯಲ್ಲಿ ತುಂಬಿಕೊಂಡಿರುವುದು ಪಿಷ್ಟ ಮತ್ತು ಸಕ್ಕರೆ. ಕುಟ್ಟೆ ಹುಳ ಬರುವುದೇ ಆ ಪಿಷ್ಟಕ್ಕೆ. ಹೊರಗಿನ ನಯವಾದ ಸಿಪ್ಪೆಯಲ್ಲಿ ಸಿಲಿಕಾ ಇರುವುದರಿಂದ ಆ ಕಡೆಯಿಂದ ಅದಕ್ಕೆ ಒಳಗೆ ಹೋಗುವುದು ಕಷ್ಟ. ಕಡಿದ ತುದಿ, ಕೊಂಬೆ ಸವರಿದ ಗಾಯ, ಬಿರುಕು, ಟೊಳ್ಳಿನ ಒಳಮೈ, ಇವೇ ಅದರ ಬಾಗಿಲು. ಗಳದ ಕೆಳಗೆ ನೆಲದ ಮೇಲೆ ನುಣ್ಣನೆಯ ತಿಳಿ ಹಳದಿ ಪುಡಿ ಕಂಡರೆ ತಲೆ ಎತ್ತಿ ನೋಡಿ. ಗುಂಡುಸೂಜಿ ಗಾತ್ರದ ತೂತುಗಳು ಸಿಗುತ್ತವೆ. ಹೊರಗೆ ಗಳ ಚೆನ್ನಾಗಿಯೇ ಕಾಣುತ್ತಿರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಸದ್ದು ಮಂದ.

ಹಾಗಾಗಿ ಮೊದಲು ಕೇಳಬೇಕಾದದ್ದು ಬಿದಿರು ಎಷ್ಟು ಗಟ್ಟಿ ಅಂತಲ್ಲ. ಯಾವ ವಯಸ್ಸಿನ ಗಳ, ಯಾವಾಗ ಕಡಿದದ್ದು, ಕಡಿದ ಮೇಲೆ ಏನು ಮಾಡಿದರು, ಈ ಮೂರು ಪ್ರಶ್ನೆ.

ಮೆಳೆ_ಕಾವಲು:

ವಯಸ್ಸಿನ ವಿಷಯ ಬಂದದ್ದು ಒಳ್ಳೆಯದಾಯಿತು. ಕೊಳ್ಳುವವರಲ್ಲಿ ಹೆಚ್ಚಿನವರು ದಪ್ಪ ನೋಡಿ ಬಲಿತಿದೆ ಅಂದುಕೊಳ್ಳುತ್ತಾರೆ. ಬಿದಿರಿನಲ್ಲಿ ಹಾಗಿಲ್ಲ. ಕಳಲೆ ನೆಲದಿಂದ ಏಳುವಾಗಲೇ ಪೂರ್ತಿ ದಪ್ಪದಲ್ಲಿ ಏಳುತ್ತದೆ. ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ ಮುಟ್ಟುತ್ತದೆ. ಕೆಲವು ಜಾತಿಗಳು ದಿನಕ್ಕೆ 91 ಸೆಂಟಿಮೀಟರ್‌ವರೆಗೆ ಬೆಳೆದ ದಾಖಲೆ ಇದೆ. ಆಮೇಲೆ ಅದು ಒಂದು ಕೂದಲೆಳೆಯಷ್ಟೂ ದಪ್ಪವಾಗುವುದಿಲ್ಲ. ಒಳಗೆ ನಾರು ಗಟ್ಟಿಯಾಗುತ್ತಾ ಹೋಗುತ್ತದೆ, ಅದಕ್ಕೆ 3ರಿಂದ 5 ವರ್ಷ ಬೇಕು. ಅಂದರೆ ಒಂದು ವರ್ಷದ ಗಳವೂ ಐದು ವರ್ಷದ ಗಳವೂ ದೂರದಿಂದ ಒಂದೇ ಥರ.

ಹತ್ತಿರ ಹೋದರೆ ಗೊತ್ತಾಗುತ್ತದೆ. ಎಳೆಯ ಗಳದ ಮೈ ಹೊಳೆಯುವ ಹಸಿರು, ಮೇಲೆ ಬಿಳಿ ಪುಡಿ ಹಚ್ಚಿದ ಹಾಗೆ ಇರುತ್ತದೆ. ಕೆಳಗಿನ ಗೆಣ್ಣುಗಳಲ್ಲಿ ಹೊದಿಕೆಯ ಹಾಳೆ ಇನ್ನೂ ಅಂಟಿಕೊಂಡಿರಬಹುದು. ಬಲಿತದ್ದರಲ್ಲಿ ಹಾಳೆ ಉದುರಿರುತ್ತದೆ, ಹಸಿರು ಮಂಕಾಗಿರುತ್ತದೆ, ಮೈಮೇಲೆ ಬೂದು ಬಿಳಿ ಕಲೆ, ಕಲ್ಲುಹೂವು ಹಿಡಿದಿರುತ್ತದೆ. ಕತ್ತಿಯ ಬೆನ್ನಿನಿಂದ ಹೊಡೆದರೆ ಸದ್ದು ಖಣ್ ಅನ್ನುತ್ತದೆ. ನಾನು ನೋಡಿದ ಒಳ್ಳೆಯ ತೋಟಗಳಲ್ಲಿ ಪ್ರತಿ ವರ್ಷ ಎದ್ದ ಹೊಸ ಗಳಕ್ಕೆ ಆ ವರ್ಷದ ಬಣ್ಣ ಹಚ್ಚಿ ಗುರುತು ಮಾಡುತ್ತಾರೆ. ಇದಕ್ಕಿಂತ ನಂಬಿಕೆಯ ದಾರಿ ಇಲ್ಲ.

ಕಡಿಯುವುದು ಮಳೆಗಾಲ ಕಳೆದು ಒಣ ಹವೆ ಬಂದ ಮೇಲೆ. ಮಳೆಯಲ್ಲಿ ಕಡಿದರೆ ಗಳದಲ್ಲಿ ನೀರು ಜಾಸ್ತಿ, ಮೆಳೆಯೊಳಗೆ ಓಡಾಡಿ ಎಳೆ ಕಳಲೆ ಮುರಿಯುವ ಅಪಾಯವೂ ಇದೆ. ನೆಲದ ಮೇಲಿನ ಮೊದಲ ಅಥವಾ ಎರಡನೆಯ ಗೆಣ್ಣಿನ ಮೇಲ್ಗಡೆಗೆ ಒತ್ತಿ ಕಡಿಯಬೇಕು. ಗೆಣ್ಣು ಬಿಟ್ಟು ನಡುವೆ ಕಡಿದರೆ ಬುಡದಲ್ಲಿ ಬಟ್ಟಲು ಉಳಿದು ನೀರು ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ವರ್ಷಕ್ಕೆ ಬಲಿತ ಗಳ ಮಾತ್ರ ಆರಿಸಿ ತೆಗೆದರೆ ಮೆಳೆ ಇನ್ನಷ್ಟು ಚೆನ್ನಾಗಿ ಬೆಳೆಯುತ್ತದೆ. ಇಡೀ ಮೆಳೆ ಸವರಿ ಲಾರಿ ತುಂಬುವವರ ಹತ್ತಿರ ಕೊಳ್ಳಬೇಡಿ. ಅದರಲ್ಲಿ ಎಳೆಯದೂ ಬಲಿತದ್ದೂ ಎಲ್ಲ ಕಲಸಿಹೋಗಿರುತ್ತದೆ.

ಸೂರಿನಡಿ:

ತುಂಬಾ ಉಪಯೋಗವಾಯಿತು. ಹುಣ್ಣಿಮೆ ಕಳೆದ ಮೇಲೆ ಕಡಿದರೆ ಹುಳ ಬರುವುದಿಲ್ಲ, ಉಪಚಾರವೇ ಬೇಡ ಅನ್ನುತ್ತಾರಲ್ಲ, ಅದು?

ಮೆಳೆ_ಕಾವಲು:

ಆ ನಂಬಿಕೆ ಏಷ್ಯಾದಲ್ಲೂ ಇದೆ, ದಕ್ಷಿಣ ಅಮೆರಿಕದಲ್ಲೂ ಇದೆ. ಪಾಲಿಸುವವರು ಪಾಲಿಸಲಿ, ನಷ್ಟವಿಲ್ಲ. ಆದರೆ ಉಪಚಾರ ಬಿಡುವುದಕ್ಕೆ ಅದು ಕಾರಣ ಆಗಬಾರದು. ಚಂದ್ರ ಹೇಗಿದ್ದರೂ ಗಳದಲ್ಲಿ ಪಿಷ್ಟ ಇದ್ದೇ ಇರುತ್ತದೆ.

ಗೆಣ್ಣು_ನೋಡಿ:

ಹೌದು. ಈಗ ಉಪಚಾರಕ್ಕೆ ಬರೋಣ. ಇಲ್ಲಿ ಆತುರ ಮಾಡಿದವರೇ ಆಮೇಲೆ ಬಿದಿರನ್ನು ಬಯ್ಯುವುದು.

ಹಿಂದಿನಿಂದ ಬಂದ ದಾರಿ ನೀರಿನಲ್ಲಿ ಮುಳುಗಿಸಿಡುವುದು. ವಾರಗಟ್ಟಲೆ ಹರಿಯುವ ನೀರಲ್ಲೋ ಕೆರೆಯಲ್ಲೋ ಇಟ್ಟರೆ ಪಿಷ್ಟ, ಸಕ್ಕರೆ ಕರಗಿ ಹೋಗುತ್ತದೆ. ಕುಟ್ಟೆ ಕಾಟ ಕಡಿಮೆಯಾಗುತ್ತದೆ. ಆದರೆ ಗೆದ್ದಲು, ಬೂಷ್ಟಿಗೆ ಇದು ಸಾಲದು. ಹೊಗೆ ಹಾಕುವುದು ಇನ್ನೊಂದು ದಾರಿ. ಜಪಾನಿನ ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಮಾಡಿನಲ್ಲಿ ತಲೆಮಾರುಗಟ್ಟಲೆ ಹೊಗೆ ಕುಡಿದ ಬಿದಿರು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಅಲ್ಲಿ ಸುಸುದಾಕೆ ಅನ್ನುತ್ತಾರೆ, ಈಗಲೂ ಬಿಚ್ಚಿ ಮರುಬಳಕೆ ಮಾಡುತ್ತಾರೆ.

ಇವತ್ತು ಮನೆ ಕಟ್ಟುವವರು ಜಾಸ್ತಿ ಬಳಸುವುದು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್. 3 ಪಾಲು ಬೋರಾಕ್ಸಿಗೆ 2 ಪಾಲು ಬೋರಿಕ್ ಆಸಿಡ್. ಎರಡೂ ಸೇರಿ 100 ಲೀಟರ್ ನೀರಿಗೆ 5ರಿಂದ 8 ಕೆಜಿ. ಬಿಸಿ ನೀರಲ್ಲಿ ಬೇಗ ಕರಗುತ್ತದೆ. ಗಳ ಕಡಿದ ಮೇಲೆ ತಡ ಮಾಡದೆ, ಹಸಿಯಾಗಿರುವಾಗಲೇ ಮುಳುಗಿಸಬೇಕು. ಉಪ್ಪು ಒಳಗೆ ಹರಡುವುದೇ ಗೋಡೆಯಲ್ಲಿರುವ ನೀರಿನ ಮೂಲಕ.

ಇಲ್ಲಿ ಒಂದು ಮುಖ್ಯ ಸಂಗತಿ. ಗೆಣ್ಣು ಗೆಣ್ಣಿಗೂ ಒಳಗೆ ಒಂದು ತಡೆ ಇರುತ್ತದೆ. ಅದನ್ನು ತೂತು ಮಾಡದೆ ಮುಳುಗಿಸಿದರೆ ದ್ರಾವಣ ಒಳಮೈಗೆ ತಲುಪುವುದೇ ಇಲ್ಲ. ಹೊರಗಿನ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಉದ್ದನೆಯ ಕಬ್ಬಿಣದ ಸರಳಿನ ತುದಿಯನ್ನು ಚೂಪು ಮಾಡಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲ ತಡೆಗಳನ್ನೂ ಚುಚ್ಚಿಕೊಂಡು ಹೋಗಬೇಕು. ಮುಳುಗಿಸುವಾಗ ಗಳವನ್ನು ಓರೆ ಮಾಡಿ ಇಳಿಸಬೇಕು. ಗುಳುಗುಳು ಅಂತ ಗುಳ್ಳೆ ಬರುವುದು ನಿಂತ ಮೇಲೆ ಮಲಗಿಸಿ ಮೇಲೆ ಭಾರ ಹೇರಬೇಕು. ಒಳಗೆ ಗಾಳಿ ಉಳಿದರೆ ಗಳ ತೇಲುತ್ತದೆ. ತೇಲಿದ ಭಾಗಕ್ಕೆ ಉಪಚಾರ ಸಿಗುವುದಿಲ್ಲ. ಒಂದರಿಂದ ಎರಡು ವಾರ ಹಾಗೇ ಇರಲಿ. ಆಮೇಲೆ ನೆರಳಲ್ಲಿ, ಗಾಳಿಯಾಡುವ ಕಡೆ ನಿಧಾನವಾಗಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಉದ್ದಕ್ಕೂ ಸೀಳುತ್ತದೆ.

ತೊಟ್ಟಿಗೆ ಜಾಗವಿಲ್ಲದವರು ಗಳವನ್ನು ನೇರ ನಿಲ್ಲಿಸಿ, ಕೆಳಗಿನ ಕೊನೆಯ ತಡೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಚುಚ್ಚಿ, ಒಳಗೇ ದ್ರಾವಣ ತುಂಬುತ್ತಾರೆ. ಎರಡು ವಾರ ಕಡಿಮೆಯಾದಷ್ಟು ತುಂಬುತ್ತಾ ಇದ್ದು, ಕೊನೆಯಲ್ಲಿ ಆ ಒಂದು ತಡೆಯನ್ನೂ ಚುಚ್ಚಿ ಹೊರಗೆ ಹರಿಸಿಕೊಳ್ಳುತ್ತಾರೆ. ಬಾಲಿಯಲ್ಲಿ ಲಿಂಡಾ ಗಾರ್ಲೆಂಡ್ ಕಟ್ಟಿದ ಬಿದಿರು ಪ್ರತಿಷ್ಠಾನದವರು ಈ ಕ್ರಮವನ್ನು ಬಹಳ ಹರಡಿದರು.

ಸೂರಿನಡಿ:

ನಾವೇ ಉಪಚಾರ ಮಾಡಿಸುವುದು ಕಷ್ಟ. ಉಪಚಾರ ಮಾಡಿದ್ದೇವೆ ಅಂತ ಹೇಳಿ ಮಾರುವವರಿಂದ ಕೊಂಡರೆ ನಿಜವೋ ಸುಳ್ಳೋ ಅಂತ ತಿಳಿಯುವುದು ಹೇಗೆ? ನಮ್ಮ ಪರಿಚಯದವರೊಬ್ಬರು ಹಾಗೇ ನಂಬಿ ಕೊಂಡರು. ಒಂದೇ ಮಳೆಗಾಲಕ್ಕೆ ಪುಡಿ ಬೀಳೋಕೆ ಶುರುವಾಯಿತು.

ಗೆಣ್ಣು_ನೋಡಿ:

ಅರಿಶಿನದಿಂದ ತಿಳಿಯುತ್ತದೆ! ಅರಿಶಿನ ಪುಡಿಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಸೋಸಿಕೊಳ್ಳಬೇಕು. ಇನ್ನೊಂದು ಬಾಟಲಿಯಲ್ಲಿ ಸ್ಪಿರಿಟ್ಟಿಗೆ ಸ್ವಲ್ಪ ಹೈಡ್ರೋಕ್ಲೋರಿಕ್ ಆಸಿಡ್, ಸ್ಯಾಲಿಸಿಲಿಕ್ ಆಸಿಡ್ ಬೆರೆಸಿರುತ್ತಾರೆ. ಗಳದ ತುದಿಯಿಂದ ಅಲ್ಲ, ನಡುವಿನಿಂದ ಒಂದು ತುಂಡು ಕತ್ತರಿಸಿ, ಒಣಗಿದ ಕತ್ತರಿಸಿದ ಮುಖಕ್ಕೆ ಮೊದಲು ಅರಿಶಿನದ ದ್ರಾವಣ, ಅದು ಒಣಗಿದ ಮೇಲೆ ಎರಡನೆಯದು ಹಚ್ಚಬೇಕು. ಬೋರಾನ್ (ಬೋರಾಕ್ಸ್, ಬೋರಿಕ್ ಆಸಿಡ್ ಎರಡರಲ್ಲೂ ಇರುವ ಅಂಶ) ಇರುವಲ್ಲಿ ಬಣ್ಣ ಕೆಂಪಿಗೆ ತಿರುಗುತ್ತದೆ, ಇಲ್ಲದಲ್ಲಿ ಹಳದಿಯೇ ಉಳಿಯುತ್ತದೆ. ಉಂಗುರ ಪೂರ್ತಿ ಕೆಂಪಾದರೆ ಕೆಲಸ ಸರಿಯಾಗಿದೆ. ಒಳಗಂಚು ಮಾತ್ರ ಕೆಂಪಾಗಿ ನಡುವೆ ಹಳದಿ ಉಳಿದರೆ ಅರ್ಧಕ್ಕೇ ಎತ್ತಿಬಿಟ್ಟಿದ್ದಾರೆ ಅಂತ. ಆಸಿಡ್ ಇರುವ ಕೆಲಸ, ಆದ್ದರಿಂದ ಲ್ಯಾಬಿನವರ ಹತ್ತಿರ ಮಾಡಿಸಿ, ಮನೆಯಲ್ಲಿ ಬೇಡ. ಒಂದು ರಾಶಿಯಿಂದ ನಾಲ್ಕೈದು ಗಳ ನೋಡಿದರೂ ಸಾಕು.

ಇನ್ನೊಂದು ಮಾತು. ಬೋರಾಕ್ಸ್ ನೀರಿಗೆ ಕರಗುವ ಉಪ್ಪು. ಮಳೆ ಬೀಳುವ ಕಡೆ ಆ ಗಳ ಇಟ್ಟರೆ ಒಳಗೆ ಹೋದದ್ದು ಹಾಗೇ ತೊಳೆದು ಹೊರಗೆ ಬರುತ್ತದೆ. ಆರ್ಸೆನಿಕ್ ಇರುವ ಉಪಚಾರಗಳು ತೊಳೆದು ಹೋಗುವುದಿಲ್ಲ ಅಂತ ಕೆಲವರು ಅದನ್ನು ಹೇಳುತ್ತಾರೆ. ಜನ ವಾಸಿಸುವ ಕಡೆ ಅದು ಬೇಡವೇ ಬೇಡ. ಅಂಥ ಗಳದ ಚೂರು ಯಾರಾದರೂ ಒಲೆಗೆ ಹಾಕಿದರೆ ಹೊಗೆಯೂ ವಿಷ, ಬೂದಿಯೂ ವಿಷ.

ಕಂಬ_ತೊಲೆ:

ಕಟ್ಟಡದ ಎಂಜಿನಿಯರ್ ನಾನು. ಉಕ್ಕಿಗಿಂತ ಗಟ್ಟಿ ಅನ್ನುವ ಮಾತನ್ನು ಒಮ್ಮೆ ಬಿಡಿಸಿ ನೋಡಬೇಕು.

ಬಿದಿರಿನ ನಾರು ಉದ್ದಕ್ಕೆ ಎಳೆದರೆ ನಿಜಕ್ಕೂ ಬಲವಾಗಿದೆ. ಸಿಪ್ಪೆಯ ಹತ್ತಿರ ನಾರು ಒತ್ತಾಗಿರುವುದರಿಂದ ಆ ಭಾಗದ ಸಣ್ಣ ಪಟ್ಟಿ ತೆಗೆದು ಪರೀಕ್ಷೆ ಮಾಡಿದರೆ ಸಾದಾ ಉಕ್ಕಿನ ಮಟ್ಟಕ್ಕೆ ಬರುವ ಅಂಕಿಗಳು ಸಿಗುತ್ತವೆ. ತೂಕಕ್ಕೆ ಹೋಲಿಸಿದರೆ ಉಕ್ಕನ್ನೂ ಮೀರಿಸುತ್ತದೆ. ಆದರೆ ಮನೆ ನಿಲ್ಲುವುದು ಪಟ್ಟಿಯ ಮೇಲಲ್ಲ, ಇಡೀ ಗಳದ ಮೇಲೆ. ಬಾಗುವುದನ್ನು ತಡೆಯುವ ಶಕ್ತಿ ನೋಡಿದರೆ ಉಕ್ಕು 200 ಗಿಗಾಪಾಸ್ಕಲ್ (ಬಿಗಿತ ಅಳೆಯುವ ಮಾನ), ಬಿದಿರು 10ರಿಂದ 20ರ ಆಸುಪಾಸು. ಅಂದರೆ ಮುರಿಯುವುದಕ್ಕಿಂತ ಬಹಳ ಮೊದಲೇ ಬಿದಿರಿನ ತೊಲೆ ಕಣ್ಣಿಗೆ ಕಾಣುವಷ್ಟು ಬಾಗುತ್ತದೆ. ಲೆಕ್ಕ ಹಾಕುವಾಗ ಹೆಚ್ಚಿನ ಸಲ ಬಾಗುವಿಕೆಯೇ ಗಳದ ಗಾತ್ರವನ್ನು ನಿರ್ಧರಿಸುತ್ತದೆ.

ನಿಜವಾದ ಬಲಹೀನತೆ ಸೀಳು. ನಾರಿಗೆ ಅಡ್ಡಲಾಗಿ ಹಿಡಿದುಕೊಳ್ಳುವುದಕ್ಕೆ ಗಳದ ಗೋಡೆಯಲ್ಲಿ ಏನೂ ಇಲ್ಲ. ಮೊಳೆ ಹೊಡೆದರೆ ಬಿರುಕು ಗೆಣ್ಣು ದಾಟಿ ಮುಂದಕ್ಕೆ ಓಡುವುದನ್ನು ಕಣ್ಣಾರೆ ನೋಡಬಹುದು. ಆದ್ದರಿಂದ ಮೊಳೆ ಬೇಡ. ಬೈರಿಗೆಯಲ್ಲಿ ತೂತು ಕೊರೆದು ಬೋಲ್ಟ್ ಹಾಕಿ, ಅದೂ ಗೆಣ್ಣಿನ ಹತ್ತಿರ. ಎರಡು ಗಳ ಕೂಡುವಲ್ಲಿ ಒಂದರ ತುದಿಯನ್ನು ಮೀನಿನ ಬಾಯಿ ತೆರೆದ ಹಾಗೆ ಕಚ್ಚು ಕೊರೆದು, ಇನ್ನೊಂದರ ದುಂಡು ಮೈಗೆ ಸರಿಯಾಗಿ ಕೂರಿಸಬೇಕು. ಕಚ್ಚು ಗೆಣ್ಣಿಗೆ ಹತ್ತಿರವಿರಬೇಕು. ಅಲ್ಲಿಂದ ದೂರವಾದರೆ ಭಾರ ಬಿದ್ದಾಗ ಬಾಯಿಯ ಎರಡೂ ತುಟಿ ಅಗಲುತ್ತವೆ.

ಜಾಸ್ತಿ ಭಾರ ಬರುವ ಕೀಲುಗಳಲ್ಲಿ ಬೋಲ್ಟ್ ಹಾದು ಹೋಗುವ ಕೊಳವೆಯೊಳಗೆ (ಎರಡು ಗೆಣ್ಣಿನ ನಡುವಿನ ಟೊಳ್ಳಿನೊಳಗೆ) ಸಿಮೆಂಟ್ ಗಾರೆ ತುಂಬುತ್ತಾರೆ. ಕೊಲಂಬಿಯಾದ ವಾಸ್ತುಶಿಲ್ಪಿ ಸಿಮೋನ್ ವೆಲೆಸ್ ಈ ಕೀಲಿನಿಂದಲೇ ಹೆಸರಾದವರು. 2000ದಲ್ಲಿ ಜರ್ಮನಿಯ ಹ್ಯಾನೋವರ್ ಎಕ್ಸ್‌ಪೋದಲ್ಲಿ ಅವರು ಬಿದಿರಿನ ದೊಡ್ಡ ಮಂಟಪ ಕಟ್ಟಬೇಕಿತ್ತು. ಅಲ್ಲಿನ ಅಧಿಕಾರಿಗಳಿಗೆ ಭರವಸೆ ಬೇಕಾಗಿತ್ತು. ಅದಕ್ಕೆ ಮೊದಲು ಕೊಲಂಬಿಯಾದ ಮನಿಸಾಲೆಸ್‌ನಲ್ಲಿ ಅದೇ ಅಳತೆಯ ಇನ್ನೊಂದು ಮಂಟಪ ಕಟ್ಟಿ, ಭಾರ ಹಾಕಿ ಪರೀಕ್ಷಿಸಿ ತೋರಿಸಿದರು. ಬಾಲಿಯ ಗ್ರೀನ್ ಸ್ಕೂಲಿನಲ್ಲಿ 2021ರಲ್ಲಿ ಮುಗಿದ ದಿ ಆರ್ಕ್ ಅನ್ನುವ ಆಟದ ಅಂಗಳಕ್ಕೆ 19 ಮೀಟರ್ ಅಗಲ ದಾಟುವ ಬಿದಿರಿನ ಕಮಾನುಗಳಿವೆ. ನಡುವೆ ಒಂದು ಕಂಬವೂ ಇಲ್ಲ.

ಇಂಥ ಕಟ್ಟಡಗಳ ಫೋಟೋ ನೋಡಿ ನಾವೂ ಮಾಡೋಣ ಅಂತ ಹೊರಡಬೇಡಿ. ಸಾಮಾನ್ಯ ಮನೆಗೆ ಸಾಮಾನ್ಯ ನಿಯಮಗಳಿವೆ. ಗಳದ ಕಟ್ಟಡಗಳ ವಿನ್ಯಾಸಕ್ಕೆ ಐಎಸ್‌ಒ 22156 ಅನ್ನುವ ಅಂತರರಾಷ್ಟ್ರೀಯ ಮಾನದಂಡ 2021ರಲ್ಲಿ ಹೊಸದಾಗಿ ಬಂದಿದೆ. ಅದು ಒಂದು ಎರಡು ಅಂತಸ್ತಿನ, 7 ಮೀಟರ್ ಎತ್ತರ ಮೀರದ ಕಟ್ಟಡಗಳಿಗೆ. ನಿಮ್ಮ ಎಂಜಿನಿಯರ್ ಅದನ್ನು ಓದಿದ್ದಾರಾ ಅಂತ ಕೇಳಿ.

ಹೊಸ_ಗಾರೆ:

ಸರ್, ಒಂದು ಪ್ರಶ್ನೆ. ಉಕ್ಕಿನ ಮಟ್ಟಕ್ಕೆ ಬರುತ್ತದೆ ಅಂದಿರಿ. ಹಾಗಾದರೆ ಸ್ಲ್ಯಾಬಿನಲ್ಲಿ ಕಬ್ಬಿಣದ ಬದಲು ಬಿದಿರಿನ ದಬ್ಬೆ ಹಾಕಿ ಕಾಂಕ್ರೀಟ್ ಸುರಿದರೆ ಆಗುವುದಿಲ್ವಾ? ಹಳೆಯ ವರದಿಗಳಲ್ಲಿ ಆಗುತ್ತದೆ ಅಂತ ಓದಿದ್ದೇನೆ.

ಕಂಬ_ತೊಲೆ:

ದಯವಿಟ್ಟು ಮಾಡಬೇಡಿ. ಪ್ರಯತ್ನ ಹಳೆಯದು ಅನ್ನುವುದು ನಿಜ. ಅಮೆರಿಕದ ಕ್ಲೆಮ್ಸನ್‌ನಲ್ಲಿ ಗ್ಲೆನ್ ಅನ್ನುವವರು ಮಾಡಿದ ಪ್ರಯೋಗಗಳ ವರದಿ 1950ರದು. 1966ರಲ್ಲಿ ಅಲ್ಲಿನ ನೌಕಾಪಡೆಯ ಪ್ರಯೋಗಾಲಯದ ಕೈಪಿಡಿಯೂ ಬಂತು. ನೀವು ಓದಿದ್ದು ಬಹುಶಃ ಅದರ ನೆರಳು.

ಹಸಿ ಕಾಂಕ್ರೀಟಿನ ನೀರನ್ನು ಬಿದಿರು ಹೀರಿ ಉಬ್ಬುತ್ತದೆ. ಕಾಂಕ್ರೀಟ್ ಒಣಗುತ್ತಾ ಬಂದಂತೆ ಅದೂ ಒಣಗಿ ಕುಗ್ಗುತ್ತದೆ. ಆಗ ಎರಡರ ನಡುವಿನ ಹಿಡಿತ ಬಿಡುತ್ತದೆ. ಇನ್ನೊಂದು, ಕಾಂಕ್ರೀಟಿನ ಬಿಗಿತ ಬಿದಿರಿಗಿಂತ ಜಾಸ್ತಿ. ಹಾಗಾಗಿ ಬಿದಿರು ಭಾರ ಹಿಡಿಯುವಷ್ಟು ಎಳೆಯಲ್ಪಡುವ ಮೊದಲೇ ಸ್ಲ್ಯಾಬು ಬಿರುಕು ಬಿಟ್ಟಿರುತ್ತದೆ. ಬಿರುಕಿನಿಂದ ನೀರು, ನೀರಿನಿಂದ ಕೊಳೆ. ಸಿಮೆಂಟಿನ ಕ್ಷಾರವೂ ನಾರಿಗೆ ಒಳ್ಳೆಯದಲ್ಲ. ಎಲ್ಲಕ್ಕಿಂತ ಭಯದ ಸಂಗತಿ ಅಂದರೆ ಒಳಗೆ ಕೊಳೆತರೆ ಹೊರಗೆ ಗೊತ್ತೇ ಆಗುವುದಿಲ್ಲ. 2018ರಲ್ಲಿ ಇದರ ಮೇಲೆ ಬಂದ ವಿವರವಾದ ವಿಮರ್ಶಾ ಲೇಖನವೊಂದು ಎಲ್ಲ ಪ್ರಯೋಗಗಳನ್ನೂ ತೂಗಿ, ಬಿದಿರು ಕಾಂಕ್ರೀಟಿನೊಳಗೆ ಕಬ್ಬಿಣದ ಜಾಗ ತುಂಬಲಾರದು ಅಂತಲೇ ಹೇಳಿತು.

ತಿರುಗಿಸಿ ಮಾಡಿದರೆ ಚೆನ್ನಾಗಿ ಆಗುತ್ತದೆ. ಬಿದಿರು ಭಾರ ಹೊರಲಿ, ಗಾರೆ ಮೈ ಮುಚ್ಚಲಿ. ದಕ್ಷಿಣ ಅಮೆರಿಕದಲ್ಲಿ ಇದನ್ನು ಬಹರೆಕೆ ಅನ್ನುತ್ತಾರೆ. ಗಳದ ಚೌಕಟ್ಟು, ಅದರ ಮೇಲೆ ಬಿದಿರನ್ನು ಸೀಳಿ ಚಪ್ಪಟೆ ಮಾಡಿದ ಹಾಸು ಅಥವಾ ತಟ್ಟಿ, ಅದರ ಮೇಲೆ ಗಾರೆ. ಗೋಡೆ ತೆಳು, ತೂಕ ಕಡಿಮೆ. 1991ರಲ್ಲಿ ಕೋಸ್ಟರಿಕಾದ ಲಿಮೋನ್ ಭೂಕಂಪವಾದಾಗ ಅದರ ಕೇಂದ್ರದ ಹತ್ತಿರವಿದ್ದ ಬಿದಿರಿನ ಮನೆಗಳು ನಿಂತಿದ್ದವು. 1999ರ ಜನವರಿಯಲ್ಲಿ ಕೊಲಂಬಿಯಾದ ಅರ್ಮೇನಿಯಾ ನಗರ ಕುಸಿದಾಗಲೂ ಚೆನ್ನಾಗಿ ನೋಡಿಕೊಂಡ ಬಹರೆಕೆ ಮನೆಗಳು ಉಳಿದವು, ಹುಳ ತಿಂದವು ಉಳಿಯಲಿಲ್ಲ. ಆಮೇಲೆ 2010ರ ಕೊಲಂಬಿಯಾ ಕಟ್ಟಡ ಸಂಹಿತೆಯಲ್ಲಿ ಅಲ್ಲಿನ ಗ್ವಾಡುವಾ ಜಾತಿಯ ಬಿದಿರಿಗೇ ಒಂದು ಅಧ್ಯಾಯ ಸಿಕ್ಕಿತು. ನಮ್ಮ ಅಸ್ಸಾಮಿನಲ್ಲಿ 1897ರ ದೊಡ್ಡ ಭೂಕಂಪದ ನಂತರ ಹಗುರವಾದ ಮರ, ಜೊಂಡು, ಬಿದಿರಿನ ಮನೆಗಳು ಬೆಳೆದು ಬಂದದ್ದೂ ಇದೇ ಕಾರಣಕ್ಕೆ.

ಒಂದು ಎಚ್ಚರಿಕೆ. ಹಗುರ ಅನ್ನುವುದು ಭೂಕಂಪಕ್ಕೆ ಒಳ್ಳೆಯದು, ಬಿರುಗಾಳಿಗೆ ಅಲ್ಲ. ಅಗಲವಾದ ಸೂರು ಬಿಟ್ಟ ಬಿದಿರಿನ ಮಾಡನ್ನು ಗಾಳಿ ಕೆಳಗಿನಿಂದ ಎತ್ತುತ್ತದೆ. ಮಾಡಿನಿಂದ ಕಂಬ, ಕಂಬದಿಂದ ಅಡಿಪಾಯದವರೆಗೆ ಬೋಲ್ಟು, ಸರಳಿನ ಕೊಂಡಿ ಎಲ್ಲೂ ಕಡಿಯಬಾರದು.

ಲೆಕ್ಕದವಳು:

ಎಲ್ಲರೂ ಬಾಳಿಕೆಯ ಬಗ್ಗೆ ಬರೆದಿರಿ. ಪರಿಸರಕ್ಕೆ ಒಳ್ಳೆಯದಾ ಅನ್ನುವ ಎರಡನೆಯ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ನನಗೆ ಅದೇ ಮುಖ್ಯ.

ಬಿದಿರು ಬೇಗ ಬೆಳೆಯುತ್ತದೆ, ಆದ್ದರಿಂದ ಕಾರ್ಬನ್ ಜಾಸ್ತಿ ಹೀರುತ್ತದೆ, ಆದ್ದರಿಂದ ಹಸಿರು. ಎಲ್ಲ ಜಾಹೀರಾತಿನಲ್ಲೂ ಇದೇ ಮಾತು. ಈ ಲೆಕ್ಕದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ. ಗಳ ಶಾಶ್ವತವಾಗಿ ನಿಲ್ಲುವುದಿಲ್ಲ. ಕಡಿಯದೆ ಬಿಟ್ಟರೆ ಸುಮಾರು ಹತ್ತು ವರ್ಷದಲ್ಲಿ ಒಣಗಿ ಬಿದ್ದು ಕೊಳೆಯುತ್ತದೆ. ಹೀರಿದ ಕಾರ್ಬನ್ ಮತ್ತೆ ಗಾಳಿಗೆ. ಮೆಳೆ ಒಮ್ಮೆ ತುಂಬಿದ ಮೇಲೆ ಹೊಸದು ಹೀರಿದಷ್ಟು ಹಳೆಯದು ಬಿಡುತ್ತಿರುತ್ತದೆ. ಕಡಿದು ಕಟ್ಟಡಕ್ಕೆ ಹಾಕಿದರೆ ಮಾತ್ರ ಆ ಕಾರ್ಬನ್ ಕಟ್ಟಡ ಇರುವಷ್ಟು ಕಾಲ ಅಲ್ಲೇ ಉಳಿಯುತ್ತದೆ.

ಅಂದರೆ ಸೂರಿನಡಿ ಅವರ ಎರಡು ಪ್ರಶ್ನೆಗಳೂ ಒಂದೇ. ಮೂರು ವರ್ಷಕ್ಕೆ ಪುಡಿಯಾಗುವ ಬಿದಿರಿನ ಮನೆ ತೋಟದಲ್ಲೇ ಕೊಳೆಯುವ ಗಳಕ್ಕಿಂತ ಏನೂ ಹೆಚ್ಚು ಮಾಡಲಿಲ್ಲ. ಸಾಗಣೆಗೆ ಡೀಸೆಲ್ ಬೇರೆ ಸುಟ್ಟಿತು. ಮೂವತ್ತು ವರ್ಷ ನಿಂತರೆ ಆಗ ಅದು ಲೆಕ್ಕಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ಅದೇ ಮೆಳೆಯಿಂದ ಇನ್ನೆಷ್ಟೋ ಮನೆಗೆ ಗಳ ಬಂದಿರುತ್ತದೆ.

ಸಿಮೆಂಟಿನ ಬದಲು ಬಿದಿರು ಬಂದಲ್ಲಿ ಲಾಭ ದೊಡ್ಡದು. ಜಗತ್ತಿನ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು 8% ಸಿಮೆಂಟ್ ಒಂದರಿಂದಲೇ ಬರುತ್ತದೆ. ಆದರೆ ಬಿದಿರಿನ ಮನೆ ಅಂತ ಹೇಳಿ ಪ್ರತಿ ಗಳದ ಒಳಗೂ ಕಾಂಕ್ರೀಟ್ ತುಂಬುವವರನ್ನು ನೋಡಿದ್ದೇನೆ. ಭಾರವೂ ಜಾಸ್ತಿ, ಉದ್ದೇಶವೂ ಕೆಟ್ಟಿತು.

ಒತ್ತಿದ ಬಿದಿರಿನ ಹಲಗೆಗಳ ಬಗ್ಗೆಯೂ ಇದೇ ಮಾತು. ಬಿದಿರನ್ನು ಸೀಳಿ, ಅಂಟು ಹಾಕಿ, ಬಿಸಿಯಲ್ಲಿ ಒತ್ತಿ ಮಾಡುತ್ತಾರೆ. ಮ್ಯಾಡ್ರಿಡ್ ವಿಮಾನ ನಿಲ್ದಾಣದಲ್ಲಿ 2006ರಲ್ಲಿ ತೆರೆದ ನಾಲ್ಕನೇ ಟರ್ಮಿನಲ್‌ನ ಅಲೆಯಲೆಯಾದ ಚಾವಣಿ ಪೂರ್ತಿ ಬಿದಿರಿನ ಪಟ್ಟಿಗಳಿಂದ ಮುಚ್ಚಿದ್ದು. ನೋಡಲು ಬಹಳ ಚೆಂದ, ಅಳತೆಯೂ ಕರಾರುವಾಕ್ಕು. ಆದರೆ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಅನ್ನುವ ವಿಷಕಾರಿ ರಾಸಾಯನಿಕ ಎಷ್ಟಿದೆ, ಹಲಗೆ ಎಷ್ಟು ದೂರದಿಂದ ಹಡಗಿನಲ್ಲಿ ಬಂತು ಅಂತ ಕೇಳದೆ ಅದನ್ನು ಹಸಿರು ಅನ್ನಬಾರದು. ಹತ್ತಿರದಲ್ಲೇ ಗಳ ಸಿಗುವವರಿಗೆ ಗಳವೇ ಒಳ್ಳೆಯದು.

ಮೆಳೆ_ಕಾವಲು:

ಲೆಕ್ಕದವಳು ಅಕ್ಕ, ಕಟ್ಟಡದ ಮಾತು ಒಪ್ಪಿದೆ. ಹಲಗೆಯ ವಿಷಯದಲ್ಲಿ ಸ್ವಲ್ಪ ತಕರಾರಿದೆ. ಗಳಕ್ಕೆ ಬೇಕಾದ ನೇರ, ದಪ್ಪ ಬಿದಿರು ಎಲ್ಲ ಕಡೆ ಬೆಳೆಯುವುದಿಲ್ಲ. ಡೊಂಕು, ಸಣ್ಣ ಗಳ ಬೆಳೆಯುವವರಿಗೆ ತಟ್ಟಿ, ಹಲಗೆಯೇ ದಾರಿ. ಭಾರತೀಯ ಪ್ಲೈವುಡ್ ಸಂಶೋಧನಾ ಸಂಸ್ಥೆ ಇಪಿರ್ಟಿಯವರು ಬಿದಿರಿನ ಚಾಪೆಗೆ ರಾಳ ಹಾಕಿ ಒತ್ತಿ ಅಲೆಯಲೆಯಾದ ಮಾಡಿನ ಶೀಟು ಮಾಡಿದ್ದಾರೆ. ಆ ಚಾಪೆಯನ್ನು ಹೆಣೆಯುವುದು ಕೈಯಲ್ಲಿ. ಕೆಲಸ ಬಿದಿರು ಬೆಳೆಯುವ ಊರಲ್ಲೇ ಉಳಿಯುತ್ತದೆ. ಇದನ್ನೂ ತಕ್ಕಡಿಗೆ ಹಾಕಿ.

ಇನ್ನು ನನ್ನ ಚಿಂತೆ ಬೇರೆ. ಬಿದಿರಿಗೆ ಬೇಡಿಕೆ ಬಂತು ಅಂತ ಕಾಡು ಸವರಿ ಒಂದೇ ಜಾತಿಯ ಬಿದಿರು ನೆಟ್ಟರೆ ಅದು ಒಳ್ಳೆಯದಲ್ಲ. ಜಗತ್ತಿನಲ್ಲಿ 1,600ಕ್ಕೂ ಹೆಚ್ಚು ಬಗೆಯ ಬಿದಿರಿದೆ. ಮೆಳೆಯಾಗಿ ಇದ್ದಲ್ಲೇ ಬೆಳೆಯುವವು ಒಂದು ಗುಂಪು. ನೆಲದಡಿ ಬೇರು ಹರಿಸಿ ಓಡುವವು ಇನ್ನೊಂದು. ಜಪಾನಿನಲ್ಲಿ ಜನ ನೋಡಿಕೊಳ್ಳುವುದನ್ನು ಬಿಟ್ಟ, ಓಡುವ ಗುಂಪಿನ ಮೋಸೋ ಬಿದಿರಿನ ತೋಪುಗಳು ಪಕ್ಕದ ಕಾಡಿಗೆ ನುಗ್ಗಿ ಅಲ್ಲಿನ ಮರಗಳನ್ನೇ ಮುಚ್ಚುತ್ತಿವೆ. ನಿಮ್ಮ ಪ್ರದೇಶಕ್ಕೆ ಸಹಜವಾದ, ಮೆಳೆಯಾಗಿ ಬೆಳೆಯುವ ಜಾತಿ ನೆಡಿ, ಪಾಳು ನೆಲದಲ್ಲಿ ನೆಡಿ.

ಹೂ ಬಿಡುವುದನ್ನೂ ನೆನಪಿಡಬೇಕು. ಹಲವು ಜಾತಿಗಳು ದಶಕಗಳಿಗೊಮ್ಮೆ ಒಟ್ಟಿಗೆ ಹೂ ಬಿಟ್ಟು ಒಟ್ಟಿಗೆ ಸಾಯುತ್ತವೆ. ಮಿಜೋರಾಮಿನಲ್ಲಿ 48 ವರ್ಷದ ಲೆಕ್ಕದಲ್ಲಿ 1959ರಲ್ಲಿ, ಮತ್ತೆ 2007ರಲ್ಲಿ ಹಾಗಾಯಿತು. ಬಿದ್ದ ಬೀಜ ತಿಂದು ಇಲಿ ಹೆಚ್ಚಿ ಬೆಳೆ ಹಾಳಾಯಿತು. ಒಂದೇ ಜಾತಿಯನ್ನು ನಂಬಿದ ತೋಟಗಾರ ಒಂದೇ ವರ್ಷದಲ್ಲಿ ಎಲ್ಲ ಕಳೆದುಕೊಳ್ಳುತ್ತಾನೆ. ಎರಡು ಮೂರು ಜಾತಿ ಇರಲಿ.

ಲೆಕ್ಕದವಳು:

ಹೆಣೆಯುವವರ ಕೈಗೆ ಕೆಲಸ ಸಿಗುತ್ತದೆ ಅನ್ನುವುದು ನನ್ನ ತಕ್ಕಡಿಯಲ್ಲಿ ಇರಲಿಲ್ಲ, ಈಗ ಇದೆ. ಉಪಚಾರ ಮಾಡುವವರಿಗೆ ಇನ್ನೊಂದು ಮಾತು: ಉಳಿದ ಬೋರಾಕ್ಸ್ ದ್ರಾವಣವನ್ನು ಗಿಡಗಳ ಬುಡಕ್ಕೋ ಹಳ್ಳಕ್ಕೋ ಚೆಲ್ಲಬೇಡಿ. ಬೋರಾನ್ ಒಂದು ಚಿಟಿಕೆ ಗಿಡಕ್ಕೆ ಬೇಕು, ಜಾಸ್ತಿಯಾದರೆ ಸುಟ್ಟುಹಾಕುತ್ತದೆ. ಕಡಿಮೆಯಾದಷ್ಟು ಉಪ್ಪು ಸೇರಿಸಿ ಅದೇ ದ್ರಾವಣವನ್ನು ಮತ್ತೆ ಮತ್ತೆ ಬಳಸಬಹುದು.

ಹೊಸ_ಗಾರೆ:

ಬೆಂಕಿ? ಯಾರೂ ಹೇಳಲಿಲ್ಲ.

ಕಂಬ_ತೊಲೆ:

ಕೇಳಬೇಕಾದ ಪ್ರಶ್ನೆಯೇ. ದಪ್ಪ ಮರದ ತೊಲೆ ಉರಿಯುವಾಗ ಹೊರಗೆ ಇದ್ದಿಲಿನ ಪದರ ಕಟ್ಟಿ ಒಳಗಿನದನ್ನು ಸ್ವಲ್ಪ ಹೊತ್ತು ಕಾಯುತ್ತದೆ. ಬಿದಿರಿನ ಗೋಡೆ ತೆಳು, ಒಳಗೆ ಟೊಳ್ಳು. ಕಾಯುವುದಕ್ಕೆ ಒಳಗೆ ಏನೂ ಉಳಿದಿರುವುದಿಲ್ಲ. ಬೋರಾಕ್ಸ್ ಉಪಚಾರ ಬೆಂಕಿ ಹಿಡಿಯುವುದನ್ನು ಸ್ವಲ್ಪ ನಿಧಾನ ಮಾಡುತ್ತದೆ, ಅಷ್ಟೇ. ಅಡುಗೆಮನೆಯ ಕಡೆಯ ಗೋಡೆಗೆ ಎರಡೂ ಬದಿ ಗಾರೆ ಇರಲಿ. ವಿದ್ಯುತ್ ತಂತಿಯನ್ನು ಗಳದ ಟೊಳ್ಳಿನೊಳಗೆ ಎಳೆಯಬೇಡಿ, ಹೊರಗೆ ಪೈಪಿನಲ್ಲಿ ಎಳೆಯಿರಿ. ಹೊರಗೆ ಓಡಲು ಎರಡು ದಾರಿ ಇರಲಿ.

ಸೂರಿನಡಿ:

ಎಲ್ಲರಿಗೂ ಧನ್ಯವಾದ. ಇಷ್ಟು ಒಳ್ಳೆಯ ಉತ್ತರಗಳು ಬರುತ್ತವೆ ಅಂದುಕೊಂಡಿರಲಿಲ್ಲ. ನಮ್ಮ ನಕ್ಷೆ ಹೀಗಿದೆ. ಕೋಣೆಯ ಸುತ್ತ ಬಿದಿರಿನ ಕಂಬಗಳು. ಅವುಗಳಲ್ಲಿ ಮುಂದಿನ ಸಾಲು ತೆರೆದ ಜಗಲಿಯ ಅಂಚಿನಲ್ಲಿ ಬರುತ್ತದೆ, ಸೂರು ಒಂದೂವರೆ ಅಡಿ. ಕಂಬಗಳು ನೇರ ನೆಲದ ಹಾಸಿನ ಮೇಲೆ ಕೂರುತ್ತವೆ. ಇದರಲ್ಲಿ ಏನು ಬದಲಿಸಬೇಕು?

ಗೆಣ್ಣು_ನೋಡಿ:

ಮೇಲಂತಸ್ತಿಗೆ ಬಿದಿರು ಅನ್ನುವುದೇ ಒಳ್ಳೆಯ ಆಲೋಚನೆ. ಬಾಂಗ್ಲಾದೇಶದ ರುದ್ರಾಪುರದಲ್ಲಿ ಆನಾ ಹೆರಿಂಗರ್ ಮತ್ತು ಐಕೆ ರೋಸ್ವಾಗ್ ಕಟ್ಟಿದ ಮೆಟಿ ಶಾಲೆಯಲ್ಲೂ ಹಾಗೇ ಇದೆ. ಕೆಳಗೆ ದಪ್ಪ ಮಣ್ಣಿನ ಗೋಡೆ, ಮೇಲೆ ಹಗುರವಾದ ಬಿದಿರು. 2007ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ಆದರೆ ನಿಮ್ಮ ಮುಂದಿನ ಸಾಲು ಉಳಿಯುವುದಿಲ್ಲ. ಲ್ಯಾಟಿನ್ ಅಮೆರಿಕದ ಬಡಗಿಗಳು ಬಿದಿರಿಗೆ ಒಳ್ಳೆಯ ಟೋಪಿ, ಒಳ್ಳೆಯ ಬೂಟು ಬೇಕು ಅನ್ನುತ್ತಾರೆ. ನಿಮ್ಮ ನಕ್ಷೆಯಲ್ಲಿ ಎರಡೂ ಇಲ್ಲ. ಒಂದೂವರೆ ಅಡಿ ಸೂರು ಗಾಳಿಮಳೆಗೆ ಏನೇನೂ ಸಾಲದು. ಕಂಬದ ಬುಡದಲ್ಲಿ ನೆಲಕ್ಕೆ ಬಿದ್ದ ನೀರು ಚಿಮ್ಮುತ್ತದೆ. ಗಳದ ಕಡಿದ ತುದಿ ಅದನ್ನು ಕುಡಿಯುತ್ತಲೇ ಇರುತ್ತದೆ, ಬೋರಾನ್ ತೊಳೆದು ಹೋಗುತ್ತದೆ.

ಸೂರನ್ನು ಮೂರೂವರೆ, ನಾಲ್ಕು ಅಡಿಗೆ ಚಾಚಿ. ಚಾಚಿದ ಸೂರಿಗೆ ಓರೆ ಆಸರೆ ಬೇಕಾಗುತ್ತದೆ, ಕಂಬ_ತೊಲೆ ಅವರು ಹೇಳಿದ ಗಾಳಿಯ ಕೊಂಡಿಯೂ ಬೇಕು. ಮುಂದಿನ ಸಾಲನ್ನು ಅಂಚಿನಿಂದ ಒಳಕ್ಕೆ ಸರಿಸಿ. ಕಂಬದ ಬುಡಕ್ಕೆ ಕಲ್ಲಿನ ಅಥವಾ ಕಾಂಕ್ರೀಟಿನ ಗುಜ್ಜು (ಗಿಡ್ಡ ಆಧಾರಕಂಬ), ಕನಿಷ್ಠ ಮೊಳಕಾಲೆತ್ತರ. ಗುಜ್ಜಿನ ತಲೆ ಇಳಿಜಾರಾಗಿರಲಿ, ನೀರು ನಿಲ್ಲಬಾರದು. ಗುಜ್ಜಿನಿಂದ ಎದ್ದ ಸರಳು ಗಳದ ಕೆಳಗಿನ ಕೊಳವೆಯೊಳಗೆ ಬರಬೇಕು, ಆ ಒಂದು ಕೊಳವೆಗೆ ಗಾರೆ ತುಂಬಬೇಕು. ಬಿಸಿಲು ನೇರ ಬಡಿಯುವ ಪಶ್ಚಿಮದ ಕಂಬಗಳು ಬಣ್ಣ ಕಳೆದುಕೊಂಡು ಬಿರುಕು ಬಿಡುತ್ತವೆ. ಆ ಬದಿಗೆ ತಟ್ಟಿಯ ಮರೆ ಕಟ್ಟಿ. ತಟ್ಟಿ ಹಾಳಾದರೆ ಬದಲಿಸುವುದು ಸುಲಭ.

ಕಂಬ_ತೊಲೆ:

ಇದಕ್ಕೆ ನನ್ನದೊಂದು ಸೇರಿಸಿ. ಯಾವ ಕಂಬವನ್ನಾದರೂ ಮಾಡು ಇಳಿಸದೆ ಒಂದೊಂದಾಗಿ ಬಿಚ್ಚಿ ಬದಲಿಸಲು ಬರುವ ಹಾಗೆ ಕೀಲುಗಳನ್ನು ಇಡಿ. ಒಂದೇ ದಪ್ಪ ಕಂಬದ ಬದಲು ಮೂರು ನಾಲ್ಕು ಗಳದ ಕಟ್ಟು ಇದ್ದರೆ ಒಂದು ಕೆಟ್ಟರೂ ಉಳಿದವು ಭಾರ ಹಿಡಿದಿರುತ್ತವೆ. ಬೋಲ್ಟಿನ ತಲೆ ಸ್ಪ್ಯಾನರ್ ಹೋಗುವ ಕಡೆ ಇರಲಿ. ಬಿದಿರು ಒಣಗುತ್ತಾ ಕುಗ್ಗುವುದರಿಂದ ಮೊದಲ ವರ್ಷ ಎಲ್ಲ ಬೋಲ್ಟನ್ನೂ ಒಮ್ಮೆ ಬಿಗಿ ಮಾಡಬೇಕಾಗುತ್ತದೆ. ಜಂತೆಯ ಮೇಲಿನ ಕೀಲುಗಳಿಗೂ ಏಣಿ ತಲುಪಬೇಕು.

ಮೆಳೆ_ಕಾವಲು:

ಗಳ ಕೊಳ್ಳುವಾಗ ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿ ಕೊಂಡು, ಎಲ್ಲವನ್ನೂ ಒಟ್ಟಿಗೆ ಉಪಚಾರ ಮಾಡಿಸಿ ಇಟ್ಟುಕೊಳ್ಳಿ. ಒಣಗುವಾಗ ಕೆಲವು ಸೀಳುತ್ತವೆ. ಉಳಿದವು ಮುಂದೆ ಬದಲಿಸಲು ಬೇಕಾಗುತ್ತವೆ, ಆಗ ಅದೇ ಜಾತಿ, ಅದೇ ದಪ್ಪ ಹುಡುಕುವುದು ಕಷ್ಟ. ಕಡಿಯುವ ದಿನ ನೀವಿಬ್ಬರೂ ತೋಟಕ್ಕೆ ಹೋಗಿ, ಗಳ ನೀವೇ ತೋರಿಸಿ ಕಡಿಸಿ.

ಸೂರಿನಡಿ:

ಸೂರು ಚಾಚುತ್ತೇವೆ, ಮುಂದಿನ ಸಾಲು ಒಳಕ್ಕೆ ಸರಿಸುತ್ತೇವೆ. ಇದರಿಂದ ಕೋಣೆ ಸ್ವಲ್ಪ ಚಿಕ್ಕದಾಗುತ್ತದೆ, ಜಗಲಿ ದೊಡ್ಡದಾಗುತ್ತದೆ. ಮನೆಯವರಿಗೆ ಅದೇ ಖುಷಿ. ನಾಲ್ಕು ಗಳದ ಕಟ್ಟು ಮಾಡಿದರೆ ಗುಜ್ಜಿನ ಅಳತೆಯೂ ಬದಲಾಗುತ್ತದಲ್ಲ? ಎಂಜಿನಿಯರ್ ಹತ್ತಿರ ಮಾತಾಡಿ ಹೊಸ ನಕ್ಷೆ ಇಲ್ಲೇ ಹಾಕುತ್ತೇನೆ.

ಕಂಬ_ತೊಲೆ:

ಬದಲಾಗುತ್ತದೆ. ಪ್ರತಿ ಗಳಕ್ಕೂ ಬೇರೆ ಸರಳು ಬರಬೇಕು, ಗಳ ಗಳದ ನಡುವೆ ಗಾಳಿಯಾಡಲು ಎರಡು ಬೆರಳಿನಷ್ಟು ಸಂದು ಬಿಡಿ. ನಕ್ಷೆಯಲ್ಲಿ ಗುಜ್ಜಿನ ಅಡ್ಡಕೊಯ್ತವನ್ನೂ ಬರೆಸಿ ಹಾಕಿ, ನೋಡಿ ಹೇಳುತ್ತೇನೆ.